ಬ್ಯಾಟರಿಯ ನಾಡಿ ನೋಡುವುದು ಹೇಗೆ?



ಆದಿತ್ಯವಾರದ ಪೂಜೆಯ ಹೊತ್ತಿಗೆ ನಮ್ಮ ಚರ್ಚಿನ ಅಂಗಳದಲ್ಲಿ ಸಾಲಾಗಿ ನಿಲ್ಲುವ ವಾಹನಗಳನ್ನು ನೋಡಿದರೆ ಕಾಲ ಎಷ್ಟು ಬದಲಾಗಿದೆ ಎಂದು ತಿಳಿಯುತ್ತದೆ. ಪೆಟ್ರೋಲ್ ಬೈಕುಗಳ ನಡುವೆ ಸದ್ದೇ ಇಲ್ಲದೆ ಬಂದು ನಿಲ್ಲುವ ಕರೆಂಟಿನ ಸ್ಕೂಟರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅವುಗಳಲ್ಲಿ ಗಂಟೆಗೆ 25 ಕಿಲೋಮೀಟರಿಗಿಂತ ಹೆಚ್ಚು ಓಡದ, 250 ವಾಟ್ ಮೋಟಾರಿನ ಸಣ್ಣ ಸ್ಕೂಟರುಗಳೂ ಇವೆ. ಇವಕ್ಕೆ ರಿಜಿಸ್ಟ್ರೇಶನ್ ಬೇಡ, ಲೈಸೆನ್ಸ್ ಬೇಡ. ಹಾಲಿನ ಸೊಸೈಟಿಗೆ, ರೇಷನ್ ಅಂಗಡಿಗೆ, ತೋಟದಿಂದ ಪೇಟೆಗೆ ಹೋಗಿ ಬರಲು ಸಾಕು ಎಂದು ನಮ್ಮ ರೈತ ಕುಟುಂಬದ ಹೆಂಗಸರೂ ಹಿರಿಯರೂ ಇವನ್ನು ಇಷ್ಟಪಟ್ಟು ಕೊಳ್ಳುತ್ತಾರೆ.

ನಮ್ಮ ಮನೆಯಲ್ಲೂ ಅಂಥದೊಂದು ಇದೆ. ಅದರಿಂದ ನಾವು ಪಾಠ ಕಲಿತ ಬಗೆಯನ್ನು ಹೇಳಿದರೆ ಓದುಗರಲ್ಲಿ ನಾಲ್ಕು ಮಂದಿಯ ಹಣವಾದರೂ ಉಳಿದೀತು ಎಂಬ ಆಸೆಯಿಂದ ಈ ಸಲದ ಅಂಕಣವನ್ನು ಬರೆಯುತ್ತಿದ್ದೇವೆ.

ಸ್ಕೂಟರ್ ಕೊಂಡು ಒಂದು ವರ್ಷ ಆರು ತಿಂಗಳು ಆಗಿರಬೇಕು. ಆಟಿ ತಿಂಗಳ ಜಡಿಮಳೆಯ ಒಂದು ಸಂಜೆ. ಮನೆಯಲ್ಲಿ ವಯಸ್ಸಾದ ತಾಯಿಗೆ ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ಕುಂಬಳೆಗೆ ಹೋಗಿ ಮಾತ್ರೆ ತೆಗೆದುಕೊಂಡು ಹಿಂದಿರುಗುವಾಗ ಸೀತಾಂಗೋಳಿಗೆ ಬರುವ ಏರಿನಲ್ಲಿ ಸ್ಕೂಟರ್ ಏದುಸಿರು ಬಿಟ್ಟು ನಿಂತೇಬಿಟ್ಟಿತು. ಐದು ನಿಮಿಷ ಸುಮ್ಮನೆ ನಿಲ್ಲಿಸಿದರೆ ಮತ್ತೆ ಚಾರ್ಜ್ ಇರುವಂತೆ ತೋರಿಸುವುದು, ನೂರು ಮಾರು ಹೋದ ಮೇಲೆ ಮತ್ತೆ ನಿಲ್ಲುವುದು. ಹೀಗೆ ತಳ್ಳಿಕೊಂಡು, ಓಡಿಸಿಕೊಂಡು ಮನೆ ಸೇರುವಾಗ ರಾತ್ರಿ ಒಂಬತ್ತು ಗಂಟೆ. ತಾಯಿ ಜಪಸರ ಹಿಡಿದು ಬಾಗಿಲಲ್ಲೇ ಕುಳಿತಿದ್ದರು.

ಮರುದಿನ ರಿಪೇರಿ ಅಂಗಡಿಗೆ ಕೊಂಡುಹೋದೆವು. ಅವರು ಸೀಟು ಎತ್ತಿ ಒಮ್ಮೆ ನೋಡಿ, “ಬ್ಯಾಟರಿ ಹೋಯಿತು, ಐದನ್ನೂ ಬದಲಿಸಬೇಕು” ಎಂದರು. ಯಾವ ಅಳತೆಯನ್ನೂ ಮಾಡಲಿಲ್ಲ. ನಾವೂ ಕೇಳಲಿಲ್ಲ. ಅಡಿಕೆ ಮಾರಿ ಇಟ್ಟಿದ್ದ ಹಣ ಅಲ್ಲಿಗೆ ಹೋಯಿತು. ಹಳೆಯ ಐದು ಬ್ಯಾಟರಿಗಳು ಗುಜರಿಯ ತೂಕಕ್ಕೆ ಹೋದವು. ಏಳು ತಿಂಗಳು ಕಳೆದಿರಲಿಲ್ಲ, ಅದೇ ಏರಿನಲ್ಲಿ ಅದೇ ಕಥೆ!

ಈ ಸಲ ಅಂಗಡಿಗೆ ಹೋಗುವ ಮೊದಲು ಐ.ಟಿ.ಐ.ಯಲ್ಲಿ ಓದುವ ನಮ್ಮ ಸೋದರಳಿಯ ರಜೆಯಲ್ಲಿ ಬಂದಿದ್ದ. ಅವನ ಚೀಲದಲ್ಲಿ ಅಂಗೈಯಗಲದ ಹಳದಿ ಮೀಟರ್ ಒಂದಿತ್ತು. ಇನ್ನೂರು-ಮುನ್ನೂರು ರೂಪಾಯಿಗೆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುವಂಥದು. ನಾವು ಐದು ಬ್ಯಾಟರಿಗಳ ಎರಡು ತುದಿಗೆ ಅದನ್ನು ಹಿಡಿದು ನೋಡಿ, “ಅರುವತ್ತಕ್ಕಿಂತ ಮೇಲೆಯೇ ಇದೆಯಲ್ಲ, ಬ್ಯಾಟರಿ ಸರಿಯಿದೆ” ಎಂದೆವು. ಅವನು ನಕ್ಕ. “ಮಾವಾ, ಐದನ್ನು ಒಟ್ಟಿಗೆ ಅಳೆದರೆ ಏನು ಗೊತ್ತಾಗುತ್ತದೆ? ಒಂದೊಂದನ್ನೇ ನೋಡಿ” ಎಂದ. ಆ ಒಂದು ಮಾತಿನಲ್ಲಿ ಈ ಪಾಠವೆಲ್ಲ ಇದೆ. ಉಳಿದದ್ದು ಅದರ ವಿವರಣೆ ಅಷ್ಟೆ.

ವೋಲ್ಟ್ ಎಂದರೆ ಏನು?

ನಮ್ಮ ಕಡೆಯ ರೈತರಿಗೆ ಇದನ್ನು ತಿಳಿಸಲು ಗುಡ್ಡೆಯ ಮೇಲಿನ ನೀರಿನ ಟ್ಯಾಂಕಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸುರಂಗದ ನೀರನ್ನೋ ಬಾವಿಯ ನೀರನ್ನೋ ಮೇಲೆ ತುಂಬಿಸಿ, ಪೈಪಿನಲ್ಲಿ ಕೆಳಗಿನ ತೋಟಕ್ಕೆ ಬಿಡುತ್ತೇವೆ. ಟ್ಯಾಂಕಿ ಎತ್ತರದಲ್ಲಿದ್ದಷ್ಟೂ ಸ್ಪ್ರಿಂಕ್ಲರ್ ಜೋರಾಗಿ ತಿರುಗುತ್ತದೆ. ಆ ಒತ್ತಡದಂಥದೇ ವಿದ್ಯುತ್ತಿನ ವೋಲ್ಟ್. ಟ್ಯಾಂಕಿಯಲ್ಲಿ ಎಷ್ಟು ಕೊಡ ನೀರಿದೆ ಎಂಬುದು ಬೇರೆ ಲೆಕ್ಕ. ಬ್ಯಾಟರಿಯ ಮೇಲೆ ಅದನ್ನು ‘ಆಂಪಿಯರ್-ಅವರ್’ ಎಂದು ಬರೆದಿರುತ್ತಾರೆ. ಮೀಟರ್ ಅಳೆಯುವುದು ಒತ್ತಡವನ್ನು, ಕೊಡಗಳನ್ನಲ್ಲ.

ಇನ್ನೂ ಒಂದು ವಿಷಯ. ಪೈಪಿನೊಳಗೆ ಬೇರು ಹೊಕ್ಕು ಅರ್ಧ ಕಟ್ಟಿಕೊಂಡಿದ್ದರೂ, ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿಯೇ ಇರುತ್ತದೆ. ನಲ್ಲಿ ತೆರೆದಾಗ ಮಾತ್ರ ನೀರು ಸಣ್ಣ ಎಳೆಯಾಗಿ ಬಂದು ಒಳಗಿನ ಗುಟ್ಟು ಹೊರಬೀಳುತ್ತದೆ. ಹಳತಾದ ಬ್ಯಾಟರಿಯೂ ಹಾಗೆಯೇ. ಸುಮ್ಮನೆ ಕುಳಿತಿರುವಾಗ ಮೀಟರಿನಲ್ಲಿ ಒಳ್ಳೆಯ ಅಂಕೆ ತೋರಿಸುತ್ತದೆ, ಏರು ಹತ್ತಿಸುವಾಗ ಕುಸಿಯುತ್ತದೆ. ನಮ್ಮ ಸ್ಕೂಟರ್ ಐದು ನಿಮಿಷ ವಿಶ್ರಾಂತಿಯ ಮೇಲೆ ಮತ್ತೆ ‘ಚೇತರಿಸಿ’ಕೊಳ್ಳುತ್ತಿದ್ದುದು ಇದೇ ಕಾರಣದಿಂದ. ಆದ್ದರಿಂದ ಒಂದು ಸಲ ಅಳೆದರೆ ಸಾಲದು; ವಿಶ್ರಾಂತಿಯಲ್ಲಿ ಒಮ್ಮೆ, ದುಡಿಸಿದ ಮೇಲೆ ಒಮ್ಮೆ ಅಳೆಯಬೇಕು.

ಪ್ರಸಂಗವಶಾತ್ ಒಂದು ಮಾತು. ವೋಲ್ಟ್ ಎಂಬ ಹೆಸರು ಬಂದದ್ದು ಇಟಲಿಯ ಕೋಮೋ ಪಟ್ಟಣದಲ್ಲಿ 1745ರಲ್ಲಿ ಹುಟ್ಟಿದ ಅಲೆಸ್ಸಾಂದ್ರೋ ವೋಲ್ಟಾ ಎಂಬ ವಿಜ್ಞಾನಿಯಿಂದ. ಎರಡು ಬಗೆಯ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ತುಂಡುಗಳನ್ನಿಟ್ಟು ಅವರು ಮಾಡಿದ ಮೊದಲ ಬ್ಯಾಟರಿಯ ಸುದ್ದಿ ಲೋಕಕ್ಕೆ ತಿಳಿದದ್ದು 1800ರಲ್ಲಿ. ಅವರು ನಿಷ್ಠಾವಂತ ಕಥೋಲಿಕರು. ವಿಜ್ಞಾನಿಗಳಿಗೆ ದೈವಭಕ್ತಿ ಇರುವುದಿಲ್ಲ ಎಂಬ ಮಾತು ಹಬ್ಬಿದ್ದ ಕಾಲದಲ್ಲಿ, 1815ರಲ್ಲಿ, ತಮ್ಮ ವಿಶ್ವಾಸವನ್ನು ಬರಹದಲ್ಲೇ ಸಾರಿದವರು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ಅವರ ಹೆಸರನ್ನು ಈ ಅಳತೆಗೆ ಇಟ್ಟಿತು. ನಮ್ಮ ಸ್ಕೂಟರಿನ ಸೀಟಿನಡಿ ಕುಳಿತಿರುವ ಸೀಸ-ಆಮ್ಲದ ಬ್ಯಾಟರಿಯಂತೂ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ಮಾಡಿದ್ದರ ಸಂತತಿ.

ಮೀಟರನ್ನು ಹಿಡಿಯುವ ಮೊದಲು

ಅಗ್ಗದ ಮೀಟರಿನಲ್ಲಿ ನಡುವೆ ತಿರುಗುವ ಗುಂಡಿ, ಮೇಲೆ ಅಂಕೆ ಕಾಣುವ ಕಿಟಕಿ, ಕೆಳಗೆ ಮೂರು ತೂತುಗಳಿರುತ್ತವೆ. ಕಪ್ಪು ವಯರನ್ನು ‘ಕಾಮ್’ ಎಂದು ಬರೆದ ತೂತಿಗೆ, ಕೆಂಪು ವಯರನ್ನು ‘ವಿ’ ಅಕ್ಷರ ಇರುವ ನಡುವಿನ ತೂತಿಗೆ ಚುಚ್ಚಬೇಕು. ಮೂರನೆಯದು 10 ಆಂಪಿಯರಿನ ತೂತು. ಕೆಂಪು ವಯರನ್ನು ಎಂದಿಗೂ ಅದರಲ್ಲಿಟ್ಟು ಬ್ಯಾಟರಿಗೆ ಮುಟ್ಟಿಸಬೇಡಿ! ಅಗ್ಗದ ಮೀಟರುಗಳಲ್ಲಿ ಆ ದಾರಿಗೆ ಫ್ಯೂಸ್ ಕೂಡ ಇರುವುದಿಲ್ಲ. ಬ್ಯಾಟರಿಯ ಎರಡು ತುದಿಗಳನ್ನು ತಂತಿಯಿಂದ ನೇರ ಜೋಡಿಸಿದಂತೆಯೇ ಅದು. ಕಿಡಿ ಹಾರಿ, ವಯರು ಕರಗಿ, ಕೈ ಸುಟ್ಟೀತು. ಅಳೆಯುವ ಮೊದಲು ಪ್ರತಿ ಸಲವೂ ಕೆಂಪು ವಯರು ಎಲ್ಲಿದೆ ಎಂದು ಕಣ್ಣಾರೆ ನೋಡುವ ಅಭ್ಯಾಸ ಇರಲಿ.

ಗುಂಡಿಯ ಸುತ್ತ ಹಲವು ವಿಭಾಗಗಳಿರುತ್ತವೆ. ನಮಗೆ ಬೇಕಾದದ್ದು ‘ವಿ’ ಅಕ್ಷರದ ಬಳಿ ಒಂದು ನೇರ ಗೆರೆ, ಅದರ ಕೆಳಗೆ ತುಂಡು ತುಂಡು ಗೆರೆ ಇರುವ ವಿಭಾಗ. ಅಲೆಯಂಥ ಗೆರೆ ಇರುವುದು ಮನೆಯ ಕರೆಂಟಿಗೆ. ಅಂದಹಾಗೆ, ಈ ಅಗ್ಗದ ಮೀಟರಿನಿಂದ ಮನೆಯ ಕರೆಂಟನ್ನು ಅಳೆಯಲು ಹೋಗಬೇಡಿ. ಅದರ ತೆಳು ವಯರನ್ನೂ ಒಳಗಿನ ಕೆಲಸವನ್ನೂ ನಂಬಿ ಮೀಟರ್ ಬೋರ್ಡಿಗೆ ಕೈ ಹಾಕುವುದು ಬುದ್ಧಿವಂತಿಕೆಯಲ್ಲ. ಬ್ಯಾಟರಿಯ ವಿಭಾಗದಲ್ಲಿ 20 ಎಂಬ ಗುರುತು ಒಂದು ಬ್ಯಾಟರಿಗೆ, 200 ಎಂಬುದು ಎಲ್ಲ ಬ್ಯಾಟರಿಗಳ ಒಟ್ಟು ಅಳತೆಗೆ. 20ರಲ್ಲಿಟ್ಟು ಒಟ್ಟು ಅಳತೆಗೆ ಮುಟ್ಟಿಸಿದರೆ ಕಿಟಕಿಯ ಎಡಗಡೆ ‘1’ ಮಾತ್ರ ಕಾಣುತ್ತದೆ. ಅಂಕೆ ತನ್ನ ಮಿತಿ ಮೀರಿತು ಎಂದು ಅದರ ಅರ್ಥ. ವಯರುಗಳು ತಿರುವುಮುರುವಾದರೆ ಅಂಕೆಯ ಮುಂದೆ ಸಣ್ಣ ಗೆರೆ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ.

ಇಷ್ಟು ಅಗ್ಗದ ಮೀಟರನ್ನು ನಂಬಬಹುದೇ ಎಂದು ಕೇಳುವವರಿದ್ದಾರೆ. ಇವುಗಳ ತಪ್ಪು ಸಾಮಾನ್ಯವಾಗಿ ನೂರಕ್ಕೆ ಅರ್ಧದಷ್ಟು ಎಂದು ತಯಾರಕರು ಬರೆಯುತ್ತಾರೆ. ಅಂದರೆ 12.80 ಇರಬೇಕಾದಲ್ಲಿ 12.74 ಎಂದೋ 12.86 ಎಂದೋ ತೋರಿಸಬಹುದು. ಆದರೆ ಒಂದೇ ಮೀಟರಿನಲ್ಲಿ ಐದು ಬ್ಯಾಟರಿಗಳನ್ನು ಒಂದರ ಹಿಂದೊಂದು ಅಳೆದಾಗ ತಪ್ಪು ಐದಕ್ಕೂ ಒಂದೇ ಆಗಿರುತ್ತದೆ. ತಕ್ಕಡಿ ಸ್ವಲ್ಪ ಓರೆಯಾಗಿದ್ದರೂ ಐದು ಗೋಣಿಗಳಲ್ಲಿ ಹಗುರವಾದದ್ದು ಯಾವುದೆಂದು ತಿಳಿಯುವುದಿಲ್ಲವೇ? ನಮಗೆ ಬೇಕಾದದ್ದೂ ಅಷ್ಟೇ. ಒಂದು ಎಚ್ಚರಿಕೆ ಮಾತ್ರ ಇದೆ. ಮೀಟರಿನ ಒಳಗಿರುವ 9 ವೋಲ್ಟಿನ ಸಣ್ಣ ಬ್ಯಾಟರಿ ಸೊರಗಿದರೆ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸತೊಡಗುತ್ತದೆ. ಸೊರಗಿದ ಸ್ಕೂಟರ್ ಬ್ಯಾಟರಿಯೂ ಆಗ ಪೈಲ್ವಾನನಂತೆ ಕಾಣುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಹೊಸ ಸೆಲ್ಲೊಂದನ್ನು ಮೊದಲು ಅಳೆದು ನೋಡಿ. ಒಂದೂವರೆ ವೋಲ್ಟಿಗಿಂತ ಸ್ವಲ್ಪ ಮೇಲೆ, 1.6ರ ಒಳಗೆ ಬಂದರೆ ಸರಿ. ಅದಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಮೀಟರಿನ ಬ್ಯಾಟರಿಯನ್ನೇ ಬದಲಿಸಿ.

ಇನ್ನು ನಿಮ್ಮ ಮೈಮೇಲಿನ ಮಾತು. ಕೈಗಡಿಯಾರ, ಉಂಗುರ, ಬಳೆ, ಕೊರಳಿನ ಶಿಲುಬೆಯ ಸರ ಇವುಗಳನ್ನು ತೆಗೆದು ಒಳಗಿಡಿ. ಸೀಟಿನ ಮೇಲೆ ಬಗ್ಗಿದಾಗ ಸರ ಜಾರಿ ಎರಡು ಟರ್ಮಿನಲುಗಳ ಮೇಲೆ ಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾದು ಕೊರಳ ಚರ್ಮವನ್ನೇ ಸುಡುತ್ತದೆ. ಐದು ಬ್ಯಾಟರಿಗಳ ಒಟ್ಟು ವೋಲ್ಟ್ ಚಾರ್ಜ್ ಆಗುವಾಗ 70ನ್ನೂ ದಾಟುತ್ತದೆ. ಬೆವರಿದ, ಒದ್ದೆಯಾದ ಕೈಗೆ ಅದು ಶಾಕ್ ಹೊಡೆಯಬಲ್ಲುದು. ಮಳೆಯಲ್ಲಿ ನಿಂತು ಅಳೆಯಬೇಡಿ. ಒಣ ನೆಲ, ಕಾಲಿಗೆ ರಬ್ಬರ್ ಚಪ್ಪಲಿ, ಪಕ್ಕದಲ್ಲಿ ಮಕ್ಕಳಿಲ್ಲದ ಹೊತ್ತು ಒಳ್ಳೆಯದು. ಕೀ ತೆಗೆದು, ಸೀಟಿನಡಿಯ ಸ್ವಿಚ್ಚನ್ನೂ ಕೆಳಗೆ ಮಾಡಿ.

ಮೊದಲ ಅಳತೆ: ವಿಶ್ರಾಂತಿಯಲ್ಲಿ

ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಬೆಳಗ್ಗೆ ಚಾರ್ಜರ್ ಕಳಚಿ, ನಾಲ್ಕೈದು ಗಂಟೆಯಾದರೂ ಸ್ಕೂಟರನ್ನು ಮುಟ್ಟದೆ ಬಿಡಿ. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಮೇಲ್ಪದರದ ಹುಸಿ ಏರಿಕೆ ಕಾಣುತ್ತದೆ. ಅನ್ನ ಉಕ್ಕಿದಾಗ ಪಾತ್ರೆ ತುಂಬಿದಂತೆ ತೋರುವ ಹಾಗೆ. ಬಳಿಕ ಗುಂಡಿಯನ್ನು 20ಕ್ಕೆ ತಿರುಗಿಸಿ, ಒಂದೊಂದು ಬ್ಯಾಟರಿಯ ಪ್ಲಸ್ಸಿಗೆ ಕೆಂಪು ಕಡ್ಡಿ, ಮೈನಸ್ಸಿಗೆ ಕಪ್ಪು ಕಡ್ಡಿ ಮುಟ್ಟಿಸಿ ಅಂಕೆ ಬರೆದುಕೊಳ್ಳಿ. ಬ್ಯಾಟರಿಗಳ ಮೇಲೆ 1ರಿಂದ 5ರವರೆಗೆ ಬಣ್ಣದಲ್ಲೋ ಸೀಮೆಸುಣ್ಣದಲ್ಲೋ ಗುರುತು ಹಾಕಿದರೆ ಮುಂದೆ ಗೊಂದಲ ಬರದು. ಕಡ್ಡಿಯ ಮೊನೆ ತುಕ್ಕಿನ ಮೇಲೆ ಕೂರದೆ ಲೋಹಕ್ಕೇ ತಾಗಬೇಕು.

ಸೀಸದ ಬ್ಯಾಟರಿಗೆ ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.8 ಅಥವಾ ಅದಕ್ಕಿಂತ ತುಸು ಹೆಚ್ಚು ಕಾಣಬೇಕು. 12.5ರ ಆಸುಪಾಸು ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 11.8 ಎಂದರೆ ಬರಿದು. ನೋಡಿ, ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವೆ ಬರೇ ಒಂದು ವೋಲ್ಟಿನ ಅಂತರ! ಆದ್ದರಿಂದಲೇ ಅರ್ಧ ವೋಲ್ಟನ್ನು ‘ಅಷ್ಟೇ ತಾನೆ’ ಎಂದು ಕಡೆಗಣಿಸಬಾರದು. ಈ ಬ್ಯಾಟರಿಯೊಳಗೆ ಎರಡೆರಡು ವೋಲ್ಟಿನ ಆರು ಕೋಣೆಗಳಿವೆ. ಪೂರ್ತಿ ಚಾರ್ಜಿನ ಬಳಿಕವೂ 10.6ರಷ್ಟೇ ಕಂಡರೆ ಒಂದು ಕೋಣೆ ಸತ್ತಿದೆ ಎಂದೇ ತಿಳಿಯಬಹುದು. ಅದಕ್ಕೆ ಔಷಧಿ ಇಲ್ಲ.

ನಮ್ಮ ಸ್ಕೂಟರಿನಲ್ಲಿ ಆ ದಿನ ಬಂದ ಅಂಕೆಗಳು ಹೀಗಿದ್ದವು: 12.85, 12.83, 12.86, 12.84, ಮತ್ತು ಐದನೆಯದು 12.41. ಒಟ್ಟು ಅಳೆದಾಗ 63.8. ಒಟ್ಟಿನ ಅಂಕೆಯನ್ನು ಮಾತ್ರ ನೋಡಿದ ಯಾರಿಗೂ ಸಂಶಯ ಬರುವುದಿಲ್ಲ, ಏಕೆಂದರೆ ಐದೂ ಸರಿಯಿದ್ದರೂ 64ರ ಸುಮಾರಿಗೇ ಬರುತ್ತಿತ್ತು. ಸ್ಕೂಟರಿನ ಮುಂದಿನ ಚಾರ್ಜ್ ತೋರಿಸುವ ಗೆರೆಗಳೂ ಈ ಒಟ್ಟನ್ನೇ ನೋಡಿ ಉರಿಯುವಂಥವು. ಅವು ಪೂರ್ತಿ ಉರಿಯುತ್ತಿದ್ದರೂ ಏರಿನಲ್ಲಿ ಸ್ಕೂಟರ್ ನಿಲ್ಲುವುದರ ಗುಟ್ಟು ಇಲ್ಲಿದೆ.

ಎರಡನೇ ಅಳತೆ: ದುಡಿದು ಬಂದ ಕೂಡಲೇ

ಇದೇ ನಿಜವಾದ ಪರೀಕ್ಷೆ. ದಿನನಿತ್ಯದ ದಾರಿಯಲ್ಲಿ, ಸಾಧ್ಯವಾದರೆ ಏರು ಇರುವ ಕಡೆ, ಅರ್ಧ ಚಾರ್ಜ್ ಮುಗಿಯುವ ತನಕ ಓಡಿಸಿ ಬನ್ನಿ. ಬಂದ ಕೂಡಲೇ, ಕಾಫಿಗೆ ಕೂರುವ ಮೊದಲು, ಸೀಟು ಎತ್ತಿ ಐದನ್ನೂ ಅಳೆಯಿರಿ. ತಡಮಾಡಿದರೆ ದುರ್ಬಲವಾದದ್ದು ವಿಶ್ರಾಂತಿಯಲ್ಲಿ ಮೇಲೇರಿ ತನ್ನ ದೋಷವನ್ನು ಅಡಗಿಸುತ್ತದೆ. ಓಡಿಸುತ್ತಾ ಅಳೆಯಲು ಯಾರೂ ಹೋಗಬೇಡಿ. ಹಿಂದಿನ ಚಕ್ರವನ್ನು ಎತ್ತಿ ಸುಮ್ಮನೆ ತಿರುಗಿಸುವುದರಿಂದಲೂ ಹೆಚ್ಚೇನೂ ತಿಳಿಯದು, ಬರೇ ಚಕ್ರಕ್ಕೆ ಮೋಟಾರ್ ಅಷ್ಟೊಂದು ಕರೆಂಟ್ ಎಳೆಯುವುದಿಲ್ಲ.

ನಮ್ಮಲ್ಲಿ ನಾಲ್ಕು ಬ್ಯಾಟರಿಗಳು 12.31, 12.29, 12.33, 12.30 ತೋರಿಸಿದವು. ಐದನೆಯದು 11.02! ಒಟ್ಟು ಇನ್ನೂ 60ರ ಮೇಲೆಯೇ ಇತ್ತು. ನಾಲ್ವರು ಹೊತ್ತ ಪಲ್ಲಕ್ಕಿಗೆ ಐದನೆಯವನು ಜೋತುಬಿದ್ದಂತಾಗಿತ್ತು ಅದರ ಸ್ಥಿತಿ. ಈ ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆಯಂತೆ ಜೋಡಿಸಿರುವುದರಿಂದ ಎಲ್ಲದರ ಮೂಲಕವೂ ಒಂದೇ ಕರೆಂಟ್ ಹರಿಯಬೇಕು. ದುರ್ಬಲವಾದದ್ದು ಬರಿದಾದ ಮೇಲೂ ಉಳಿದ ನಾಲ್ಕು ಅದನ್ನು ಎಳೆದೊಯ್ಯುತ್ತವೆ; ಅದು ಇನ್ನಷ್ಟು ಕೆಡುತ್ತದೆ. ಏರಿನಲ್ಲಿ ಅದರ ವೋಲ್ಟ್ ಪಾತಾಳಕ್ಕೆ ಇಳಿದು ಒಟ್ಟು 52-53ರ ಸುಮಾರಿಗೆ ಕುಸಿದಾಗ ಸ್ಕೂಟರಿನ ಕಂಟ್ರೋಲರ್ ಬ್ಯಾಟರಿಗಳನ್ನು ಉಳಿಸಲೆಂದು ಮೋಟಾರನ್ನು ನಿಲ್ಲಿಸಿಬಿಡುತ್ತದೆ. ನಾಲ್ಕು ಬ್ಯಾಟರಿಗಳ 48 ವೋಲ್ಟಿನ ಸ್ಕೂಟರಿನಲ್ಲಿ ಇದು 42ರ ಸುಮಾರು.

ಬ್ಯಾಟರಿಗಳ ನಡುವೆ ಹತ್ತನೇ ಒಂದು ವೋಲ್ಟಿನ ವ್ಯತ್ಯಾಸ ಇದ್ದರೆ ಚಿಂತೆ ಬೇಡ. ದುಡಿಸಿದ ಮೇಲೆ ಅರ್ಧ ವೋಲ್ಟ್, ಮುಕ್ಕಾಲು ವೋಲ್ಟ್ ಕೆಳಗಿದ್ದರೆ ಅದನ್ನು ಬೇರ್ಪಡಿಸಿ 12 ವೋಲ್ಟಿನ ಚಾರ್ಜರಿನಿಂದ ಅದೊಂದನ್ನೇ ಪೂರ್ತಿ ತುಂಬಿಸಿ ಮತ್ತೊಮ್ಮೆ ಓಡಿಸಿ ನೋಡಬೇಕು. ಕೆಲವೊಮ್ಮೆ ಅದು ಹಾಳಾಗಿರುವುದಿಲ್ಲ, ಹಸಿದಿರುತ್ತದೆ ಅಷ್ಟೆ. ನಮ್ಮದು ಹಾಗಾಗಲಿಲ್ಲ, ಎರಡು ಸಲ ತುಂಬಿಸಿದರೂ ಮತ್ತೆ ಅಲ್ಲಿಗೇ ಬಂತು. ಆಗ ಬಿಲ್ಲು ಹುಡುಕಿದೆವು. ಬ್ಯಾಟರಿಗೆ ವರ್ಷದ ವಾರಂಟಿ ಇತ್ತು, ಮೈಮೇಲಿನ ನಂಬರು ಬಿಲ್ಲಿನಲ್ಲಿತ್ತು. ಅಂಕೆಗಳನ್ನು ಬರೆದ ಕಾಗದವನ್ನು ಮುಂದಿಟ್ಟಾಗ ಅಂಗಡಿಯವರು ಹೆಚ್ಚು ಮಾತನಾಡದೆ ತಮ್ಮ ಮೀಟರಿನಲ್ಲೂ ನೋಡಿ ಆ ಒಂದನ್ನು ಬದಲಿಸಿ ಕೊಟ್ಟರು. ಖರ್ಚು ಏನೂ ಆಗಲಿಲ್ಲ. ಮೊದಲ ಸಲ ಗುಜರಿಗೆ ಹೋದ ಐದರಲ್ಲಿ ಎಷ್ಟು ಒಳ್ಳೆಯವಿದ್ದವೋ! ಆ ಯೋಚನೆ ಬಂದಾಗಲೆಲ್ಲ ನಮಗೆ ನಮ್ಮ ಮೇಲೆಯೇ ಸಿಟ್ಟು ಬರುತ್ತದೆ. ಅಂಗಡಿಯವರನ್ನು ದೂರಿ ಫಲವಿಲ್ಲ, ಕೇಳಬೇಕಾದವರು ನಾವು.

ಆದರೂ ಒಂದು ಮಾತನ್ನು ನೇರವಾಗಿ ಹೇಳಬೇಕು. ಒಂದನ್ನೇ ಬದಲಿಸುವ ಉಪಾಯ ಎಲ್ಲ ಕಾಲಕ್ಕೂ ಒಪ್ಪುವುದಿಲ್ಲ. ಉಳಿದ ನಾಲ್ಕು ವರ್ಷದೊಳಗಿನವಾಗಿದ್ದು ಸರಿಯಾಗಿದ್ದರೆ, ಅದೇ ಕಂಪೆನಿಯ, ಅದೇ ಆಂಪಿಯರಿನದನ್ನು ಹಾಕಬಹುದು. ಎರಡು ವರ್ಷ ದುಡಿದ ಮುದಿ ಬ್ಯಾಟರಿಗಳ ನಡುವೆ ಹೊಸತನ್ನು ಸೇರಿಸಿದರೆ ಮುದುಕ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಕಟ್ಟಿದಂತೆ, ಎರಡಕ್ಕೂ ಸುಖವಿಲ್ಲ. ಎರಡು-ಮೂರು ಬ್ಯಾಟರಿಗಳು ಒಟ್ಟಿಗೆ ಸೊರಗಿದ್ದರೆ ಐದನ್ನೂ ಬದಲಿಸುವುದೇ ಸರಿ. ಹಾಗೆ ಬದಲಿಸಿದರೂ ಅಳೆದು, ತಿಳಿದು ಬದಲಿಸಿದಂತಾಗುತ್ತದೆ.

ಬ್ಯಾಟರಿಯಲ್ಲೇ ದೋಷ ಎಂದು ತೀರ್ಮಾನಿಸುವ ಮೊದಲು ಚಾರ್ಜರನ್ನೂ ನೋಡಬೇಕು. ಅದರ ದೀಪ ಹಸಿರಾದ ಮೇಲೆ, ಚಾರ್ಜರ್ ಸಿಕ್ಕಿಸಿಯೇ ಇರುವಾಗ ಸೀಟಿನಡಿ ಎಚ್ಚರದಿಂದ ಒಂದೊಂದು ಬ್ಯಾಟರಿಯನ್ನು ಅಳೆದರೆ 13.6-13.8ರ ಸುಮಾರು ಕಾಣಬೇಕು. ಚಾರ್ಜಿನ ಕೊನೆಯ ಹಂತದಲ್ಲಿ ಸ್ವಲ್ಪ ಹೊತ್ತು 14.4ರಿಂದ 14.7ರ ತನಕ ಏರುವುದು ಸಹಜ. ಆದರೆ ಗಂಟೆಗಟ್ಟಲೆ 15ರ ಬಳಿಯೇ ನಿಂತಿದ್ದರೆ ಚಾರ್ಜರ್ ಬ್ಯಾಟರಿಯನ್ನು ಬೇಯಿಸುತ್ತಿದೆ. ಬದಿ ಉಬ್ಬುವುದು ಇದರಿಂದಲೇ. ಕೆಲವು ಚಾರ್ಜರುಗಳ ತುದಿಯನ್ನು ಬ್ಯಾಟರಿಗೆ ಸಿಕ್ಕಿಸದೆ ಅಳೆದರೆ ಸೊನ್ನೆ ತೋರಿಸುತ್ತವೆ, ಅದು ಹಾಳಾಗಿದೆ ಎಂದಲ್ಲ.

ಮದ್ದು ಬಿಡುವ ಯಂತ್ರಕ್ಕೂ ಇದೇ ಪಾಠ

ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿ ಸ್ಪ್ರೇಯರ್ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ತರಕಾರಿಗೆ, ಕಾಳುಮೆಣಸಿನ ಬುಡಕ್ಕೆ ಮದ್ದು ಬಿಡಲು ಅದು ಅನುಕೂಲ. ಹೆಚ್ಚಿನವುಗಳಲ್ಲಿ 12 ವೋಲ್ಟಿನ ಒಂದೇ ಒಂದು ಸೀಸದ ಬ್ಯಾಟರಿ ಇರುತ್ತದೆ, ಆದ್ದರಿಂದ ಪರೀಕ್ಷೆಯೂ ಸುಲಭ. ಟ್ಯಾಂಕಿಗೆ ಬರೇ ನೀರು ತುಂಬಿಸಿ, ಪಂಪು ನಡೆಯುತ್ತಿರುವಾಗಲೇ ಅಳೆಯಬಹುದು. ಪೂರ್ತಿ ಚಾರ್ಜಿನ ಬ್ಯಾಟರಿ ಕೆಲವೇ ನಿಮಿಷಗಳಲ್ಲಿ 11ಕ್ಕಿಂತ ಕೆಳಗೆ ಇಳಿದರೆ ಅದರ ಕಾಲ ಮುಗಿಯಿತು. ಮಳೆಗಾಲ ಮುಗಿದು ಯಂತ್ರವನ್ನು ಅಟ್ಟಕ್ಕೆ ಏರಿಸುವವರು ತಿಂಗಳಿಗೊಮ್ಮೆ ಇಳಿಸಿ ಚಾರ್ಜ್ ಮಾಡಬೇಕು. ಸೀಸದ ಬ್ಯಾಟರಿಗೆ ಬರಿಹೊಟ್ಟೆಯಲ್ಲಿ ಮಲಗುವುದೇ ಮರಣ. ಮದ್ದಿನ ಕೈಯಲ್ಲಿ ಮೀಟರ್ ಮುಟ್ಟಬೇಡಿ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಲಿಥಿಯಂ ಇದ್ದವರಿಗೆ

ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯನ್ನು ನಾವು ಬಿಚ್ಚಲೇಬಾರದು. ಒಳಗಿನ ಹತ್ತಾರು ಸಣ್ಣ ಸೆಲ್ಲುಗಳಲ್ಲಿ ಕಡ್ಡಿ ಜಾರಿದರೆ ಬೆಂಕಿಯೇ ಗತಿ. ಹೊರಗಿನ ಪ್ಲಗ್ಗಿನಲ್ಲಿ ಒಟ್ಟು ವೋಲ್ಟನ್ನು ಮಾತ್ರ ನೋಡಬಹುದು. ಕೆಲವು ಪೆಟ್ಟಿಗೆಗಳಲ್ಲಿ ಅಲ್ಲಿಯೂ ರಕ್ಷಣೆ ಇರುವುದರಿಂದ ಸೊನ್ನೆ ಬರುತ್ತದೆ. ಪೂರ್ತಿ ತುಂಬಿದಾಗ ಎಷ್ಟಿರಬೇಕು ಎಂಬುದನ್ನು ಅದರ ಚಾರ್ಜರಿನ ಮೇಲೆಯೇ ಬರೆದಿರುತ್ತಾರೆ. 48 ವೋಲ್ಟ್ ಎಂದು ಹೆಸರಿದ್ದು ಚಾರ್ಜರಿನ ಮೇಲೆ 54.6 ಎಂದಿದ್ದರೆ, ಒಳಗೆ 13 ಸೆಲ್ಲುಗಳ ಸಾಲಿದೆ, ಒಂದೊಂದು 4.2 ವೋಲ್ಟ್ ತನಕ ತುಂಬುತ್ತದೆ ಎಂದರ್ಥ. 58.4 ಎಂದಿದ್ದರೆ ಅದು ಕಬ್ಬಿಣ-ಫಾಸ್ಫೇಟ್ ಜಾತಿಯ 16 ಸೆಲ್ಲುಗಳದು. ಈ ಎರಡನೇ ಜಾತಿಯದು ತುಂಬಿದಾಗಿನಿಂದ ಬಹುಮಟ್ಟಿಗೆ ಮುಗಿಯುವ ತನಕ ಹೆಚ್ಚುಕಡಿಮೆ ಒಂದೇ ವೋಲ್ಟ್ ತೋರಿಸುವುದರಿಂದ ಅಗ್ಗದ ಮೀಟರಿನಲ್ಲಿ ಅರ್ಧವೋ ಮುಕ್ಕಾಲೋ ತಿಳಿಯದು. ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂಗೆ ಎಂದೂ ಸಿಕ್ಕಿಸಬೇಡಿ, ಪ್ಲಗ್ ಕೂತರೂ ಸರಿ. ನೀರಿನಲ್ಲಿ ಮುಳುಗಿದ, ಉಬ್ಬಿದ, ಮುಟ್ಟಿದರೆ ಸುಡುವ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಇಡದೆ ಮನೆಯಿಂದ ದೂರ ಅಂಗಳದಲ್ಲಿಟ್ಟು ಸರ್ವಿಸಿನವರನ್ನು ಕರೆಯಿರಿ. ದೊಡ್ಡ ಕಂಪೆನಿಗಳ ರಿಜಿಸ್ಟ್ರೇಶನ್ ಇರುವ ಸ್ಕೂಟರುಗಳದ್ದೆಲ್ಲ ಅವರ ಕೆಲಸವೇ.

ಆರೋಗ್ಯದ ಮಾತು

ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರಬಹುದು. ಅದು ಬೇಗ ಹೊತ್ತಿಕೊಳ್ಳುವಂಥದು. ಮಲಗುವ ಕೋಣೆಯಲ್ಲಿ, ಅಡಿಗೆಮನೆಯ ಒಲೆಯ ಬಳಿ, ಮೇಣದ ಬತ್ತಿ ಉರಿಯುವ ಪ್ರಾರ್ಥನೆಯ ಮೂಲೆಯಲ್ಲಿ ಚಾರ್ಜಿಗೆ ಇಡಬೇಡಿ. ಗಾಳಿಯಾಡುವ ಜಗಲಿ ಉತ್ತಮ. ಒಡೆದ ಬ್ಯಾಟರಿಯ ಆಮ್ಲ ಕಣ್ಣಿಗೆ ಸಿಡಿದರೆ ಏನನ್ನೂ ಹಚ್ಚದೆ, ಹರಿಯುವ ಶುದ್ಧ ನೀರಿನಿಂದ 15-20 ನಿಮಿಷ ಬಿಡದೆ ತೊಳೆದು, ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಚರ್ಮಕ್ಕೆ ತಾಗಿದರೂ ಮೊದಲ ಮದ್ದು ನೀರೇ. ಟರ್ಮಿನಲಿನ ಬಿಳಿ ಹುಡಿಯಲ್ಲಿ ಸೀಸವಿರುತ್ತದೆ. ಅದನ್ನು ಬಾಯಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಸೀಸ ಮಕ್ಕಳ ಮೆದುಳಿಗೆ ಕೇಡು; ಹಳೆಯ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವ, ಆಮ್ಲವನ್ನು ತೆಂಗಿನ ಬುಡಕ್ಕೋ ಬಾವಿಯ ಬಳಿಯೋ ಚೆಲ್ಲುವ ಕೆಲಸ ಯಾರೂ ಮಾಡಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಸರಿಯಾದ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದ್ದು. ಹೊಸತನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಒಪ್ಪಿಸಿದರೆ ಬೆಲೆಯಲ್ಲೂ ಸ್ವಲ್ಪ ಕಡಿತ ಸಿಗುತ್ತದೆ.

ಓದಿ ತಿಳಿದದ್ದಕ್ಕಿಂತ ಒಮ್ಮೆ ಕಣ್ಣಾರೆ ನೋಡಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಮುಂದಿನ ಆದಿತ್ಯವಾರ ಎರಡನೇ ಪೂಜೆಯ ಬಳಿಕ ಚರ್ಚಿನ ಹಿಂದಿನ ಮಾವಿನ ಮರದ ಕೆಳಗೆ ನಾವು ಮೀಟರ್ ಹಿಡಿದು ಕುಳಿತಿರುತ್ತೇವೆ. ಶನಿವಾರ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಆದಿತ್ಯವಾರ ಬೆಳಗ್ಗೆ ಮನೆಯಿಂದ ಓಡಿಸಿಕೊಂಡೇ ಬನ್ನಿ. ಬ್ಯಾಟರಿಯ ಬಿಲ್ಲು ಇದ್ದರೆ ತನ್ನಿ. ಸೀಟಿನ ಬೀಗದ ಕೀಯನ್ನು ಮಾತ್ರ ಮನೆಯಲ್ಲಿ ಮರೆತು ಬರಬೇಡಿ.